ಹಾಲಿನವನ ಜಾಗ

ಎಲ್ಲರಿಗೂ ಒಳಿತು ಹಾರೈಸುವ ಮೈತ್ರಿ ಧ್ಯಾನಕ್ಕೆಂದು ಗಂಡ ಹೆಂಡತಿ ಇಬ್ಬರೂ ಬೌದ್ಧ ವಿಹಾರಕ್ಕೆ ಬಂದಿದ್ದರು. ಅಲ್ಲಿನ ಭಿಕ್ಷು ಭಂತೇಜಿ ಹೇಳಿಕೊಟ್ಟ ಕ್ರಮ ಸರಳವಾಗಿತ್ತು. ಮೊದಲು ತನಗೇ ಒಳಿತನ್ನು ಹಾರೈಸಿಕೊಳ್ಳಬೇಕು, ಆಮೇಲೆ ತೀರ ಪ್ರೀತಿಯವರಿಗೆ, ಅದಾದ ಮೇಲೆ ಪ್ರೀತಿಯೂ ದ್ವೇಷವೂ ಇಲ್ಲದ ಯಾರಾದರೊಬ್ಬರಿಗೆ. "ದಿನಾ ಮನೆಗೆ ಹಾಲು ಹಾಕೋನು ಇರ್ತಾನಲ್ಲ, ಅಂಥವರು," ಎಂದಿದ್ದರು. ಕೊನೆಗೆ, ಕಂಡರಾಗದವರಿಗೆ.

ಕೊನೆಯ ಸರದಿ ಬಂದಾಗ, ಪಕ್ಕದಲ್ಲೇ ಕುಳಿತಿದ್ದ ಹೆಂಡತಿ ಗಂಡನ ಮುಚ್ಚಿದ ಕಣ್ಣೊಳಗೆ ಬಂದು ನಿಂತಳು. ಅವನ ಅವ್ವ ಸಾಯುತ್ತಿದ್ದಾಗ ತವರಿನಿಂದ ಬಾರದೇ ಹೋದವಳು. 'ಸುಖವಾಗಿರು' ಎಂದು ಅವಳಿಗೆ ಹಾರೈಸಲು ಅವನಿಂದ ಆಗಲಿಲ್ಲ.

ಮನೆಗೆ ನಡೆಯುವಾಗ ಅವಳೇ ಕೇಳಿದಳು. "ಕೊನೇಲಿ ಯಾರನ್ನ ನೆನೆಸ್ಕೊಂಡ್ರಿ?"

ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ನಿನ್ನನ್ನೇ."

"ಗೊತ್ತಿತ್ತು," ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನನ್ನು ಹೆಚ್ಚು ಕುಟುಕಿತು.

"ನೀನೂ ಕೊನೇಲಿ ನನ್ನನ್ನೇ ಇಟ್ಕೊಂಡಿರ್ತೀಯ. ಹೇಳು, ಬೇಜಾರಿಲ್ಲ."

"ಇಲ್ಲ. ನಿಮ್ಮ ಮೇಲೆ ನಂಗ್ಯಾವ ದ್ವೇಷ?"

ಅವನ ಹೆಜ್ಜೆ ನಿಧಾನವಾಯಿತು. ಇಷ್ಟು ವರ್ಷ ಇವಳನ್ನು ತಪ್ಪು ತಿಳಿದೆನೇ ಎನ್ನಿಸಿತು. "ಹಾಗಾದ್ರೆ ನಿನ್ನ ಧ್ಯಾನದಲ್ಲಿ ನಾನು ಬರ್ಲೇ ಇಲ್ವ?" ಎಂದು ಮೆಲ್ಲಗೆ ಕೇಳಿದ, ಪ್ರೀತಿಯವರ ಸಾಲನ್ನೇ ಮನಸ್ಸಿನಲ್ಲಿಟ್ಟುಕೊಂಡು.

"ಬಂದ್ರಿ," ಎಂದಳು ಅವಳು, ಸೆರಗು ಸರಿಪಡಿಸಿಕೊಳ್ಳುತ್ತ. "ಹಾಲಿನವನ ಮುಖ ಎಷ್ಟು ನೆನೆಸ್ಕೊಂಡ್ರೂ ಬರ್ಲಿಲ್ಲ. ಆ ಜಾಗಕ್ಕೆ ನಿಮ್ಮನ್ನ ಕೂರಿಸ್ಕೊಂಡೆ."