ಎಡೆಗಿಟ್ಟ ಮೊಬೈಲು

ಡೋಣಿ ಊರಿನ ತನ್ನ ಮನೆಯ ಮಾಳಿಗೆಯ ಮೇಲೆ ಕೂತು, ಮೊಬೈಲಿನ ಮೀಟಿಂಗಿನಲ್ಲಿ ಗೆಳೆಯರಿಗೆ ಪಾಠ ಒಪ್ಪಿಸುತ್ತಿದ್ದ ಶೈಲಾಳ ಮಾತು ಅರ್ಧಕ್ಕೇ ನಿಂತಿತು. ತೆರೆಯ ಮೇಲೆ, ಸುನಿಲಕುಮಾರನ ಹೆಸರಿನ ಪಕ್ಕದಲ್ಲಿ, ಕೈ ಎತ್ತಿದ ಗುರುತು ಮೂಡಿತ್ತು. ಸುನಿಲಕುಮಾರ ತೀರಿಕೊಂಡು ತಿಂಗಳಾಗಿತ್ತು.

ಹೆಸರು ಅಲ್ಲಿದ್ದುದಕ್ಕೆ ಯಾರೂ ಬೆಚ್ಚಿರಲಿಲ್ಲ. ಬೆಟಗೇರಿಯ ಮನೆಯಲ್ಲಿ ಇವತ್ತು ಅವನ ತಿಂಗಳ ಎಡೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಫೋಟೋದ ಮುಂದಿಟ್ಟು, ಉಂಡು ಹೋಗಲಿ ಎಂದು ಬಾಗಿಲು ಮುಚ್ಚಿ, ಮನೆಯವರು ಹೊರಗೆ ಕಾಯುವುದು ಪದ್ಧತಿ. ಹೋಳಿಗೆ, ಮಿರ್ಚಿ ಭಜಿಗಳ ಜೊತೆ ಅವನ ಮೊಬೈಲೂ ಇರಬೇಕೆಂದು ತಾಯಿ ಸಾವಂತ್ರೆವ್ವ ಹಟ ಹಿಡಿದಿದ್ದಳು. ಬರೀ ಮೊಬೈಲಲ್ಲ, ಗೆಳೆಯರ ಪಾಠ ನಡೆಯುತ್ತಿರುವ ಮೊಬೈಲು. ಡೆಂಗಿ ಜ್ವರದಲ್ಲೂ ಅದನ್ನು ಕೈಬಿಡದ ಮಗನಿಗೆ ಅದಕ್ಕಿಂತ ಪ್ರೀತಿಯದು ಇನ್ನೇನಿತ್ತು? ಮೀಟಿಂಗಿಗೆ ಸೇರಿಸಿ ಇಡುತ್ತೇನೆ, ಹೆದರಬೇಡಿ ಎಂದು ಅವನ ತಂಗಿ ಕಲ್ಪನಾ ಮೊದಲೇ ತಿಳಿಸಿದ್ದಳು, ಪಾಪ.

"ಲೇ ಸುಭಾಸ, ಸುನಿಲ ಕೈ ಎತ್ತ್ಯಾನ ನೋಡು," ಎಂದಳು ಶೈಲಾ.

ಮುಂಡರಗಿಯಿಂದ ಪಾಠಕ್ಕೆ ಸೇರಿದ್ದ ಸುಭಾಸ ನಕ್ಕ. ಆ ನಗುವಿನಲ್ಲಿ ಜೀವವಿರಲಿಲ್ಲ. "ಹೋಳಿಗಿ ವಾಸನಿಗೆ ಇಲಿ ಬಂದು ತುಳದಿರಬೇಕು. ನೀ ಮುಂದ ಹೇಳು. ನಾಳಿ ಪರೀಕ್ಷಾ ಐತಿ, ಇಲಿದೇನ ಹಚ್ಚೀದಿ."

ಆದರೆ ಸುನಿಲಕುಮಾರನ ಚಾಳಿ ಇಬ್ಬರಿಗೂ ಗೊತ್ತು. ಯಾರಾದರೂ ತಪ್ಪು ಹೇಳಿದರೆ ಬಾಯಿ ಬಿಡುತ್ತಿರಲಿಲ್ಲ ಮಹಾರಾಯ, ಸುಮ್ಮನೆ ಕೈ ಎತ್ತುತ್ತಿದ್ದ. ಹೇಳಿದವರೇ ತಪ್ಪು ಹುಡುಕಿಕೊಳ್ಳಬೇಕು, ಅಲ್ಲಿಯತನಕ ಕೈ ಇಳಿಯುತ್ತಿರಲಿಲ್ಲ. ಡೇಟಾ ಸ್ಟ್ರಕ್ಚರ್ ಪೇಪರಿನಲ್ಲಿ ಫೇಲಾಗಿದ್ದ ಶೈಲಾಳನ್ನು ಈ ಸಲ ದಾಟಿಸಿಯೇ ತೀರುತ್ತೇನೆ ಎಂದವನೂ ಅವನೇ. ಅವಳಿಗಿದು ಕೊನೆಯ ಅವಕಾಶ. ಇದೂ ಹೋದರೆ ಇಷ್ಟು ವರ್ಷ ಓದಿದ್ದಕ್ಕೆ ಡಿಗ್ರಿಯೇ ಇಲ್ಲ.

ಶೈಲಾ ತಾನು ಹೇಳಿದ್ದನ್ನೇ ಮೆಲ್ಲಗೆ ಇನ್ನೊಮ್ಮೆ ಹೇಳಿಕೊಂಡಳು. "ಬೈನರಿ ಸರ್ಚ್ ಅಂದ್ರ ಹೆಸರಿನ ಪಟ್ಟಿ ನಡುವ ಎರಡು ಭಾಗ ಮಾಡೋದು. ನಮಗ ಬೇಕಾದ ಹೆಸರು ಯಾ ಕಡಿ ಐತಿ ನೋಡೋದು. ಮತ್ತ ಆ ಅರ್ಧಾ ನಡುವ... ಅಯ್ಯ! ಪಟ್ಟಿ ಮೊದಲ ಅನುಕ್ರಮದಾಗ ಇರಬೇಕಲ್ಲ! ಹೆಂಗರ ಬರದ ಪಟ್ಟ್ಯಾಗ ಇದು ನಡಿಯಾಂಗಿಲ್ಲ. ಹೋದ ಸಲಾನೂ ಇಲ್ಲೇ ಎಡವಿದ್ದೆ ನಾ."

ಕೈ ಇಳಿಯಿತು.

ಸುಭಾಸ ಇಲಿಯ ಮಾತು ಮತ್ತೆ ಎತ್ತಲಿಲ್ಲ. ಎದುರಿಗೆ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಹಾಡುಹಗಲಿನಲ್ಲಿ ತಮ್ಮ ಪಾಡಿಗೆ ತಿರುಗುತ್ತಿದ್ದವು. ಹೆದರಿ ಎದ್ದು ಹೋಗಬೇಕಾದ ಶೈಲಾ, ಅದೇನು ಹುಚ್ಚು ಧೈರ್ಯವೋ, ಮುಂದಿನ ಪಾಠಕ್ಕೆ ಹೋದಳು. ಕ್ಯೂನಲ್ಲಿ ಕೊನೆಗೆ ಬಂದವನೇ ಮೊದಲು ಹೊರಡುತ್ತಾನೆ ಎಂದಳು. ಮುಂಡರಗಿ ಬಸ್ಸಿಗೆ ಆ ನಿಯಮ ನಡೆದೀತು, ಪರೀಕ್ಷೆಯಲ್ಲಿ ನಡೆಯುವುದಿಲ್ಲ. ಕೈ ಎದ್ದಿತು. ತಿದ್ದಿಕೊಂಡಳು, ಇಳಿಯಿತು. ಹೀಗೇ ಮೂರನೆಯ ಯೂನಿಟ್ಟು ಮುಗಿಯುವ ಹೊತ್ತಿಗೆ ಅವಳ ಭಯವೆಲ್ಲ ಹೋಗಿ, ಪಾಸಾದೇನು ಎಂಬ ಆಸೆ ಮೊದಲ ಸಲ ಹುಟ್ಟಿತ್ತು.

ಅಷ್ಟರಲ್ಲಿ ಕಲ್ಪನಾಳ ಹೆಸರು ತೆರೆಯ ಮೇಲೆ ಬಂತು. ಮಾತಾಡಿದವಳು ಸಾವಂತ್ರೆವ್ವ.

"ಯವ್ವಾ ಶೈಲಾ, ಪಾಠ ಇನ್ನಾ ಎಷ್ಟೊತ್ತು ಐತಿ? ಬಾಗಲಾ ಮುಚ್ಚಿಕೊಂಡು ಕುಂತೀವಿ. ಒಳಗ ತಾಟಿನ ಸಪ್ಪಳನಽ ಇಲ್ಲ."

"ಒಳಗ ಯಾರದಾರ್ರಿ ಅವ್ವಾರ?" ಶೈಲಾ ಕೇಳಿದಳು.

"ಯಾರಿರತಾರವಾ? ಕಲ್ಪನಾ ನನ್ನ ಬಾಜೂಕ ಅದಾಳ. ಹೊರಗಿಂದ ಚಿಲಕಾ ಹಾಕೇನಿ. ಪಾಠಕ್ಕ ಕುಂತ್ರ ಅಂವಾ ತಾಟು ಮುಟ್ಟತಿದ್ದಿಲ್ಲ. ರೊಟ್ಟಿ ಆರಿ ಹೋದ್ರೂ ಏಳತಿದ್ದಿಲ್ಲ. ಇವತ್ತರೆ ಉಂಡು ಹೋಗಲಿ ನನ್ನ ಕೂಸು. ಪಾಠ ಮುಗೀತಂತ ಹೇಳವಾ. ನನ್ನ ಮಾತು ಎಂದೂ ಕೇಳಿಲ್ಲ, ನಿಮ್ಮ ಮಾತು ಕೇಳತಾನ."

ಇನ್ನೂ ಎರಡು ಯೂನಿಟ್ಟು ಬಾಕಿ ಇದ್ದವು. ಕೈ ಎತ್ತುವವನಿಲ್ಲದೆ ಅವನ್ನು ತಾನು ದಾಟಲಾರೆನೆಂದು ಶೈಲಾಳಿಗೆ ಚೆನ್ನಾಗಿ ಗೊತ್ತಿತ್ತು. ಅವ್ವಾರ, ಇನ್ನೊಂದು ತಾಸು ತಡೀರಿ ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತು. ಹಸಿದವನನ್ನು ತಾಟಿನ ಮುಂದೆ ಕೂಡಿಸಿಕೊಂಡು ತನ್ನ ಪರೀಕ್ಷೆ ನೋಡಿಕೊಳ್ಳುವುದೇ? ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. "ಹೇಳು ಶೈಲಾ," ಎಂದು ಸುಭಾಸನೂ ಮೆಲ್ಲಗೆ ಅಂದ.

ಶೈಲಾ ಪುಸ್ತಕ ಮುಚ್ಚಿದಳು.

"ಪಾಠ ಮುಗೀತು ಸುನಿಲ," ಎಂದಳು. "ಎಲ್ಲಾ ಮುಗೀತು. ಇನ್ನ ನೀ ಉಣ್ಣು."

ಬೆಟಗೇರಿಯಲ್ಲಿ ಸಾವಂತ್ರೆವ್ವ ಮುಚ್ಚಿದ ಬಾಗಿಲಿಗೆ ಕಿವಿ ಹಚ್ಚಿ, ತಾಟಿನ ಸದ್ದಿಗಾಗಿ ಉಸಿರು ಹಿಡಿದು ಕಾದಳು.

ತೆರೆಯ ಮೇಲೆ, ಸುನಿಲಕುಮಾರನ ಹೆಸರಿನ ಪಕ್ಕದಲ್ಲಿ, ಕೈ ಎದ್ದಿತು.