ಬೊಗಸೆ ನೀರು

ಪಂಡರಿ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಅಂಬಾದಾಸನಿಗೆ ಅನುಮಾನ ಬಂದದ್ದು ನಳದುರ್ಗದ ಖಾನಾವಳಿಯಲ್ಲಿ. ಊಟ ಮುಗಿದ ಮೇಲೆ ಪಂಡರಿ, ಯಾರೂ ಹೇಳದೆಯೇ, ತನ್ನ ತಾಟನ್ನು ಹಿತ್ತಲಿಗೆ ಒಯ್ದು ತೊಳೆದಿಟ್ಟ. ಅಕ್ಕಲಕೋಟೆಯ ಹತ್ತಿರ ತನ್ನ ದೊಡ್ಡ ವಾಡೆಯಿದೆ, ಕರೆದಲ್ಲಿ ಆಳುಗಳಿದ್ದಾರೆ ಎಂದು ಕಾಲೇಜು ತುಂಬ ಹೇಳಿಕೊಂಡು ತಿರುಗುವ ಹುಡುಗ! ಗಯಾಸುದ್ದೀನ್ ಅದನ್ನು ಗಮನಿಸಲೇ ಇಲ್ಲ. ಇಂಥದ್ದನ್ನು ಹಿಡಿಯುವ ಕಣ್ಣು ಎಲ್ಲರಿಗೂ ಇರುವುದಿಲ್ಲ. ಅಂಬಾದಾಸನಿಗಿತ್ತು.

೧೯೪೧ರ ಮೇ ತಿಂಗಳು. ಸೊಲ್ಲಾಪುರದಿಂದ ಮೂವರು ಗೆಳೆಯರು, ಎರಡು ಫಟಫಟಿ ಮೋಟಾರ್ ಸೈಕಲ್ಲು. ಗಾಡಿಗಳು ಗಯಾಸುದ್ದೀನನ ಕಾಕಾನವು. ಬ್ರಿಟಿಷ್ ಸರಹದ್ದು ದಾಟಿ, ನಾಕಾದಲ್ಲಿ ಚೀಲ ಬಿಚ್ಚಿ ತೋರಿಸಿ ನಿಜಾಮನ ರಾಜ್ಯಕ್ಕೆ ಕಾಲಿಟ್ಟಾಗ ಗಯಾಸುದ್ದೀನ್ ವಿಲಾಯತಿಗೆ ಬಂದವನಂತೆ ಕೇಕೆ ಹಾಕಿದ್ದ. ಬೇರೆ ರೊಕ್ಕ, ಬೇರೆ ಪೊಲೀಸರು, ಉರ್ದು ಕೊರೆದ ಮೈಲಿಗಲ್ಲುಗಳು. ಬಿಸಿಲು ಮಾತ್ರ ಎರಡೂ ಕಡೆ ಒಂದೇ.

ಕಲ್ಯಾಣದ ಕೋಟೆ ನೋಡಿ ಹುಮನಾಬಾದಿನ ದಾರಿ ಹಿಡಿಯುವಾಗ ಅಂಬಾದಾಸ ತಕರಾರು ತೆಗೆದ.

"ಈ ದಾರಿ ಬ್ಯಾಡ. ಬರೀ ಕಲ್ಲು."

"ನಿನಗ ಹ್ಯಾಂಗ ಗೊತ್ತು? ನೀನೂ ಮೊದಲ ಸಲ ಬರಾಕತ್ತಿ," ಎಂದ ಗಯಾಸುದ್ದೀನ್. "ಮೊದಲು ಆ ಕರೀ ಕನ್ನಡಕ ತೆಗಿ, ದಾರಿ ಚಂದ ಕಾಣತದ."

"ಕಣ್ಣು ಬಂದಾವ," ಎಂದು ಅಂಬಾದಾಸ ಕನ್ನಡಕವನ್ನು ಇನ್ನಷ್ಟು ಒತ್ತಿಕೊಂಡ.

ಅರ್ಧ ದಾರಿಯಲ್ಲಿ ನೀರು ತೀರಿತು. ಗಯಾಸುದ್ದೀನನ ತುಟಿಗಳು ಒಡೆದಿದ್ದವು; ಅವನ ಗಾಡಿ ಎರಡು ಸಲ ರಸ್ತೆ ಬಿಟ್ಟು ಇಳಿಯಿತು. ಅಂಬಾದಾಸ ಸ್ವಲ್ಪ ಹೊತ್ತು ಹಿಂದೆಯೇ ಉಳಿದು ನೋಡಿದ. ಕೊನೆಗೆ ಮುಂದೆ ಬಂದು, ಹುಣಸೆ ತೋಪಿನ ಹಿಂದೆ ಗಾಡಿ ತಿರುಗಿಸಿದ. ರಸ್ತೆಗೆ ಕಾಣದ ಹಳ್ಳಿಯೊಂದು ಅಲ್ಲಿತ್ತು.

ಮೊದಲ ಮನೆಯ ಕಟ್ಟೆಯ ಮೇಲೆ ಸಖುಬಾಯಿ ಜೋಳ ಹಸನು ಮಾಡುತ್ತಿದ್ದಳು. ಕಾಸಗಲ ಕುಂಕುಮದ ಹೆಂಗಸು. ಧೂಳು ಮೆತ್ತಿದ ಮೂವರನ್ನು ನೋಡಿ ಎದ್ದಳು.

"ನೀರು ಕೊಡ್ರಿ ಅವ್ವಾ, ಪುಣ್ಯ ಬರತದ," ಎಂದ ಅಂಬಾದಾಸ.

"ಮಾತು ನಮ್ಮ ಕಡೀದೇ ಅದಲ್ಲ. ಯಾರ ಪೈಕಿ?"

"ಸೊಲ್ಲಾಪುರದವ್ರಿ."

ಅವಳು ತಂಬಿಗೆ ತಂದಳು. ಗಯಾಸುದ್ದೀನನ ಹೆಸರು ಕೇಳಿ, ಅಂಥವರಿಗೆಂದೇ ಇಟ್ಟಿದ್ದ ಬೇರೆ ಗಿಂಡಿ ಕೊಟ್ಟಳು. ಅವನು ನಕ್ಕು ಕುಡಿದ. ಅಂಬಾದಾಸ ತಂಬಿಗೆ ಇಸಿದುಕೊಂಡು, ತುಟಿಗೆ ತಾಗಿಸದೆ, ಒಂದು ಹನಿಯೂ ಚೆಲ್ಲದಂತೆ ಎತ್ತಿ ಕುಡಿದ. ಸಖುಬಾಯಿಗೆ ಮೆಚ್ಚುಗೆಯಾಯಿತು.

ತಂಬಿಗೆ ಮತ್ತೆ ತುಂಬಿ ಬಂತು. ಪಂಡರಿ ಅದಕ್ಕೆ ಕೈ ಚಾಚಲಿಲ್ಲ. ಕಟ್ಟೆಯಿಂದ ಮಾರು ದೂರ ಸರಿದು, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ತಲೆ ತಗ್ಗಿಸಿ, ಬಾಯಿಗೆ ಬೊಗಸೆ ಒಡ್ಡಿದ. ಮುಟ್ಟಬಾರದವರೆಂದು ಊರ ಹೊರಗಿಟ್ಟ ಜನ ಹುಟ್ಟಿದಂದಿನಿಂದ ನೀರು ಕುಡಿಯುವ ರೀತಿ ಅದು. ಬಾಯಾರಿಕೆಯಲ್ಲಿ ವಾಡೆ ಮರೆತಿತ್ತು, ಮೈಗೆ ಅಭ್ಯಾಸ ಮರೆತಿರಲಿಲ್ಲ.

ಸಖುಬಾಯಿಯ ಕೈ ಅಲ್ಲೇ ನಿಂತಿತು. ಅವಳ ನೋಟ ಅಂಬಾದಾಸನ ಕಡೆ ತಿರುಗಿತು.

"ನಮಗ ಗೊತ್ತಿರಲಿಲ್ರೀ ಅವ್ವಾ!" ಅಂಬಾದಾಸನ ದನಿ ಬೇಕಾದದ್ದಕ್ಕಿಂತ ಮೇಲೇರಿತು. "ನಮ್ಮ ಸಂಗಾಟ ಕುಂತು ಉಂಡಾನ ಈ ಮನಷ್ಯಾ. ಸುಳ್ಳ ಹೇಳಿ ಉಂಡಾನ! ಏಳೋ, ನಿನ್ನ ಜಾಗಾಕ್ಕ ನಡಿ!"

ಪಂಡರಿ ಎದ್ದ. ಖಾಲಿ ಕೈಯನ್ನೇ ಚಡ್ಡಿಗೆ ಒರೆಸಿಕೊಂಡ.

"ಕೆಳಗಿನ ಕೇರಿಗಿ ಹೋಗಪಾ," ಸಖುಬಾಯಿ ಮೆಲ್ಲಗೆ ಅಂದಳು. "ಅಲ್ಲಿ ಧೂಳಮ್ಮ ಅಂತ ಮುದುಕಿ ಅದಾಳ. ಕುಡೀಲಾಕ ಕೊಡತಾಳ."

"ಶರಮ್ ಇಲ್ಲೇನು ನಿನಗ?" ಗಯಾಸುದ್ದೀನ್ ಅಂಬಾದಾಸನನ್ನು ಕೇಳಿದ. ಉತ್ತರಕ್ಕೆ ಕಾಯದೆ, ಪಂಡರಿಯ ಹೆಗಲ ಮೇಲೆ ಕೈಹಾಕಿ, ಗಾಡಿಯನ್ನು ಅಲ್ಲೇ ಬಿಟ್ಟು ನಡೆದ.

ಅಂಬಾದಾಸ ಫಟಫಟಿ ಓಡಿಸಿದ. ಹುಣಸೆ ತೋಪು ದಾಟಿದ, ರಸ್ತೆ ಸೇರಿದ. ಹುಮನಾಬಾದಿನ ಗುಡಿಯ ಶಿಖರ ಕಾಣುವ ಏರಿನ ಹತ್ತಿರ ಕುಡಿದ ನೀರೆಲ್ಲ ಗಂಟಲಿಗೆ ಬಂತು. ಇಳಿದು ಕಾರಿಕೊಂಡ. ಪಂಡರಿ ಖಾಲಿ ಕೈ ಒರೆಸಿಕೊಂಡದ್ದೇ ಕಣ್ಣ ಮುಂದಿತ್ತು. ಸುಳ್ಳು ಹೇಳಿ ಉಂಡಾನ ಎಂದ ನಾಲಿಗೆಯನ್ನು ಕಿತ್ತೆಸೆಯಬೇಕೆನಿಸಿತು.

ಅವನು ಹಿಂದಿರುಗಿದ. ಹಳ್ಳಿಯ ಬಾಯಲ್ಲಿ ಯಂತ್ರ ನಿಲ್ಲಿಸಿ ಗಾಡಿ ತಳ್ಳಿಕೊಂಡು ನಡೆದ. ಸಖುಬಾಯಿಯ ಕಟ್ಟೆ ದಾಟುವಾಗ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಅವಳು ಮೊರ ಹಿಡಿದುಕೊಂಡೇ ಎದ್ದು ನಿಂತಳು. ಅವನು ತಿರುಗಿ ನೋಡಲಿಲ್ಲ. ಬಿದ್ದ ಗೋಡೆ ಬಳಸಿ, ಬೇಲಿಯ ಸಂದಿಯಲ್ಲಿ ಹಾದು ಕೇರಿಗೆ ಇಳಿದ. ದಾರಿಯನ್ನು ಯಾರಿಗೂ ಕೇಳಲಿಲ್ಲ.

ಗುಡಿಸಲ ಮುಂದಿನ ಬೇವಿನ ಕೆಳಗೆ, ಹಾಸಿದ ಗೋಣಿಚೀಲದ ಮೇಲೆ ಇಬ್ಬರೂ ಕುಳಿತಿದ್ದರು. ಪಂಡರಿ ತಲೆ ಎತ್ತಲಿಲ್ಲ.

"ಯಾಕ ಬಂದಿ? ಇಲ್ಲೀ ನೀರು ನಿನಗ ನಡೆಯೂದಿಲ್ಲ."

ಅಂಬಾದಾಸ ಗಾಡಿಯನ್ನು ಬೇವಿಗೆ ಒರಗಿಸಿದ. ಪಂಡರಿಯ ಪಕ್ಕದ ಮಣ್ಣಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ತಲೆ ತಗ್ಗಿಸಿ, ಬಾಯಿಗೆ ಬೊಗಸೆ ಒಡ್ಡಿದ. ಗಯಾಸುದ್ದೀನನ ಮುಖ ಸ್ವಲ್ಪ ಸಡಿಲಾಯಿತು. ಇದೂ ಮಾಫಿ ಕೇಳುವ ಒಂದು ಬಗೆ ಎಂದುಕೊಂಡ.

ಧೂಳಮ್ಮ ಗಡಿಗೆ ಹಿಡಿದು ಹೊರಗೆ ಬಂದಳು. ಮೊದಲು ಆ ಕೈಗಳನ್ನು ನೋಡಿದಳು, ಆಮೇಲೆ ಮುಖವನ್ನು. ಬಗ್ಗಿಸಿದ ಗಡಿಗೆಯನ್ನು ನಿಧಾನವಾಗಿ ನೆಟ್ಟಗೆ ಮಾಡಿ ಅವನ ಮುಂದೆ ಇಟ್ಟಳು.

"ಬೊಗಸಿ ಯಾಕ ಒಡ್ಡತಿಯೋ ಅಂಬಾದಾಸಾ? ನಿನ್ನ ಮನ್ಯಾಗ ನೀನೇ ತುಂಬಕೊಂಡು ಕುಡಿ, ಮಗಾ."