ತೌನೊನ ಸೈಕಲ್ಲು

ಮಗಳ ಸ್ಕೀಗಳನ್ನು ಎದೆಗವಚಿಕೊಂಡು ತಾನು ವಾಸವಿದ್ದ ಕಟ್ಟಡದ ನೆಲಮಾಳಿಗೆಯ ಉಕ್ಕಿನ ಬಾಗಿಲು ದಾಟಿ ಹೊರಬರುತ್ತಿದ್ದ ಪ್ರಧಾನಿ ತೂಲಿಯಾಳಿಗೆ ಮೂರನೇ ಮಹಡಿಯ ಮುದುಕ ತೌನೊ ಎದುರಾದ. ಅವನ ಕಣ್ಣು ಸ್ಕೀಗಳ ಮೇಲೇ ನಿಂತಿತು.

ಬಾಂಬು ಬಿದ್ದರೆ ಇಡೀ ಕಟ್ಟಡದವರು ಅಡಗಬೇಕಾದ ಜಾಗ ಅದು. ಈಗ ಅದರ ತುಂಬ ಎಲ್ಲರ ಸೈಕಲ್ಲು, ಜಾರುಬಂಡಿ, ಹಳೇ ಸಾಮಾನು. ಗಡಿಯಾಚೆ ಸೈನ್ಯ ಜಮಾಯಿಸಿದೆಯೆಂಬ ಸುದ್ದಿ ಬಂದಮೇಲೂ ಖಾಲಿ ಮಾಡುವ ಮಾತನ್ನು ಯಾರೂ ಎತ್ತಿರಲಿಲ್ಲ.

“ಏನಮ್ಮಾ, ಜಾಗ ಖಾಲಿ ಮಾಡ್ತಿದ್ದೀಯಾ?”

“ಅಯ್ಯೋ, ಇಲ್ಲಜ್ಜ. ನಾಳೆ ಮಗಳ ಸ್ಕೂಲಲ್ಲಿ ಸ್ಕೀ ಆಟ ಇದೆ, ಅಷ್ಟೇ.”

“ಹಾಗಾದ್ರೆ ನನ್ನ ಸೈಕಲ್ಲು ಇಲ್ಲೇ ಇರ್ಲಾ?”

‘ಇರಲಿ’ ಅಂದಿದ್ದರೆ ಸಾಕಿತ್ತು. ಆದರೆ ಬೆಳಿಗ್ಗೆ ಸೇನಾಧಿಕಾರಿಗಳು ಮೇಜಿನ ಮೇಲೆ ಹರಡಿದ ಗಡಿಯ ನಕಾಶೆ ಕಣ್ಮುಂದೆ ಬಂದು ತೂಲಿಯಾಳ ನೋಟ ನೆಲಕ್ಕಿಳಿಯಿತು. ಆ ನಕಾಶೆಯ ಬಗ್ಗೆ ಗಂಡನ ಹತ್ತಿರವೂ ಅವಳು ಬಾಯಿಬಿಡುವಂತಿರಲಿಲ್ಲ.

ತೌನೊ ಅವಳ ಮುಖವನ್ನೇ ನೋಡಿದ. “ಮೂವತ್ನಾಲ್ಕಕ್ಕೇ ಪ್ರಧಾನಿ ಆದೆ, ಸುಳ್ಳು ಹೇಳೋದು ಮಾತ್ರ ಇನ್ನೂ ಕಲೀಲಿಲ್ಲ ನೋಡು ನೀನು,” ಎಂದವನೇ ಮೆಟ್ಟಿಲ ಕಡೆ ತಿರುಗಿ ಹೆಂಡತಿಗೆ ಕೂಗು ಹಾಕಿದ, “ಐಲೀ! ಎಲ್ರನ್ನೂ ಕೆಳಗೆ ಕರ್ಕೊಂಡು ಬಾರೇ, ಸಾಮಾನು ಹೊರಗೆ ಹಾಕ್ಬೇಕು!”

ಮೇಲೆ ಒಂದೊಂದೇ ಬಾಗಿಲು ತೆರೆದುಕೊಂಡಿತು. ಈಗಲೂ ಅವಳು ತಡೆಯಬಹುದಿತ್ತು. ತೂಲಿಯಾ ಸ್ಕೀಗಳನ್ನು ಗೋಡೆಗೆ ಒರಗಿಸಿ, ಉಕ್ಕಿನ ಬಾಗಿಲು ಮುಚ್ಚಿಕೊಳ್ಳದಂತೆ ಅದಕ್ಕೆ ಬೆನ್ನು ಕೊಟ್ಟು ನಿಂತಳು.